ಕೆಂಪು ಮೇಲೆ

ನಮ್ಮ ಬಡಾವಣೆಯ ಸಂಘದ ಸಭೆಯ ಹಾಲಿನಲ್ಲಿ, ವೇದಿಕೆಯ ಹಿಂದಿನ ಗೋಡೆಯ ಮೇಲೆ ಒಂದು ದೊಡ್ಡ ಚೌಕದ ಚಿತ್ರವಿದೆ. ಮೇಲರ್ಧ ಹಳದಿ, ಕೆಳಗರ್ಧ ಕೆಂಪು, ಇನ್ನೇನೂ ಇಲ್ಲ. ಅದರ ಕೆಳಗೆ ಹಿತ್ತಾಳೆಯ ತಗಡಿನ ಮೇಲೆ "ಕನ್ನಡಾಭಿಮಾನಿ ಶ್ರೀ ದಸ್ತಗೀರ್ ಸಾಹೇಬರ ಕೊಡುಗೆ" ಎಂದು ಕೆತ್ತಿಸಿದ್ದಾರೆ. ದಸ್ತಗೀರ್ ಅಂದರೆ ನನ್ನ ಗಂಡ. ಆದರೆ ಆ ಚಿತ್ರ ಅವರದಲ್ಲ. ಈ ಮಾತನ್ನು ಆರ್.ಟಿ. ನಗರದಲ್ಲಿ ಯಾರ ಮುಂದೆ ಹೇಳಿದರೂ ನನಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಅನ್ನಲಿ. ಅದನ್ನು ಬರೆಯುವಾಗ ಕುಂಚ ತೊಳೆದು ಕೊಟ್ಟವಳು ನಾನು, ನನಗೆ ಗೊತ್ತು.

ನನ್ನ ಹೆಸರು ಫರೀದಾ. ಹುಟ್ಟಿದ್ದು ರಾಜಾನುಕುಂಟೆಯಲ್ಲಿ, ನಮ್ಮ ಅಜ್ಜನೂ ಅವರಪ್ಪನೂ ಅಲ್ಲೇ ಮಣ್ಣಾದವರು. ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಅಕ್ಷರ ದುಂಡಗಿದೆ ಅಂತ ಬಹುಮಾನವನ್ನೂ ತೆಗೆದುಕೊಂಡಿದ್ದೇನೆ. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಮನೆಯ ಮಾತುಗಳನ್ನು ಇಲ್ಲಿ ನಾನೇ ಕನ್ನಡಕ್ಕೆ ತಂದುಕೊಂಡಿದ್ದೇನೆ, ಅದರಲ್ಲಿ ತಪ್ಪಿದ್ದರೆ ತಪ್ಪು ನನ್ನದು.

ನನ್ನ ಗಂಡ ಹೆಬ್ಬಾಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮದುವೆಯಾದ ಹೊಸದರಲ್ಲಿ ಎಲ್ಲರಂತೆ ಗುಡ್ಡ, ಕೆರೆ, ಹಸು ಬರೆಯುತ್ತಿದ್ದರು. ಜಕ್ಕೂರು ಕೆರೆಯ ಒಂದು ಚಿತ್ರ ನಮ್ಮ ನೆಂಟರ ಮನೆಯಲ್ಲಿ ಈಗಲೂ ಇದೆ, ನೋಡಿದವರು ನೀರು ಮುಟ್ಟಬೇಕು ಅನ್ನಿಸುತ್ತೆ ಅನ್ನುತ್ತಾರೆ. ಇದ್ದಕ್ಕಿದ್ದಂತೆ ಅದನ್ನೆಲ್ಲ ಬಿಟ್ಟರು. ಒಂದು ದಿನ ಗಾಳಿಪಟದ ಕಾಗದ ತಂದು, ಕತ್ತರಿಯಲ್ಲಿ ಚೌಕ ಚೌಕ ಕತ್ತರಿಸಿ, ನೆಲದ ಮೇಲೆ ಹರಡಿಕೊಂಡು ಕೂತರು. ನನಗೆ ಮೊದಲು ಭಯವಾಯಿತು. ಮೂವತ್ತು ದಾಟಿದ ಗಂಡಸು ನೆಲದ ಮೇಲೆ ಬಣ್ಣದ ಕಾಗದ ಇಟ್ಟುಕೊಂಡು ಕೂತರೆ ಯಾವ ಹೆಂಡತಿಗೆ ತಾನೇ ಭಯವಾಗುವುದಿಲ್ಲ?

"ಇಲ್ಲಿ ಬಾ," ಅಂದರು. ಹಳದಿ ಕಾಗದದ ಮೇಲೆ ಒಂದು ಪುಟ್ಟ ಹಸಿರು ಚೂರು, ಕಪ್ಪು ಕಾಗದದ ಮೇಲೆ ಇನ್ನೊಂದು ಹಸಿರು ಚೂರು ಇಟ್ಟಿದ್ದರು. "ಯಾವ ಹಸಿರು ಹೆಚ್ಚು ಬೆಳ್ಳಗಿದೆ?"

"ಕಪ್ಪಿನ ಮೇಲಿರೋದು," ಅಂದೆ. ಅದರಲ್ಲಿ ಕೇಳುವುದೇನಿದೆ?

ಅವರು ಎರಡು ಚೂರನ್ನೂ ತೆಗೆದು ಪಕ್ಕಪಕ್ಕ ಇಟ್ಟರು. ಎರಡೂ ಒಂದೇ ಕಾಗದದ ಚೂರುಗಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಬೆಪ್ಪಾದೆ. "ಬಣ್ಣಕ್ಕೆ ಸ್ವಂತದ್ದು ಅಂತ ಏನೂ ಇಲ್ಲ ಫರೀದಾ. ಪಕ್ಕದಲ್ಲಿ ಯಾರಿದ್ದಾರೋ ನೋಡಿಕೊಂಡು ಅದು ಬದಲಾಗುತ್ತೆ. ನಾನು ಇಷ್ಟು ವರ್ಷ ಕೆರೆ ಬರೆದೆ, ಬಣ್ಣ ಬರೆಯಲೇ ಇಲ್ಲ," ಅಂದರು. ಆವತ್ತಿನಿಂದ ಅವರ ಚಿತ್ರಗಳಲ್ಲಿ ಮನುಷ್ಯರೂ ಇಲ್ಲ, ಮರವೂ ಇಲ್ಲ. ಒಂದು ಚೌಕ, ಒಂದು ಪಟ್ಟಿ, ಹೆಚ್ಚೆಂದರೆ ಎರಡು ಬಣ್ಣ.

ಪೇಟೆಯಲ್ಲಿ ಒಮ್ಮೆ ನಾಲ್ಕೈದು ಜನ ಸೇರಿ ಪ್ರದರ್ಶನ ಇಟ್ಟರು, ಇವರದೂ ಇತ್ತು. ಒಬ್ಬ ದೊಡ್ಡ ಮನುಷ್ಯ ಬಂದು ನೋಡಿ, "ಇದಕ್ಕೆ ಪ್ರೈಮರ್ ಹೊಡೆದಾಗಿದೆ, ಚಿತ್ರ ಯಾವಾಗ ಬರೀತೀರಿ?" ಎಂದು ಕೇಳಿದ. ಎಲ್ಲರೂ ನಕ್ಕರು, ಇವರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಅವನ ಷರಟಿನ ಮೇಲೆ ಒಂದು ಡಬ್ಬಿ ಪ್ರೈಮರ್ ಸುರಿಯಬೇಕು ಅನ್ನಿಸಿತು.

ಎಂಬತ್ತೊಂದನೆಯ ಇಸವಿಯಲ್ಲಿ ನಮ್ಮ ಬಡಾವಣೆಯ ಸಂಘದವರು ಸಭೆಯ ಹಾಲು ಕಟ್ಟಿಸಿದರು. ಸಂಘದ ಕಾರ್ಯದರ್ಶಿ ಪುಟ್ಟಣ್ಣನವರು. ಒಳ್ಳೆಯ ಮನುಷ್ಯ, ಇದನ್ನು ನಾನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವವರು ಅವರು, ನಮಗೆ ಇಲ್ಲಿ ಬಾಡಿಗೆಗೆ ಯಾರೂ ಮನೆ ಕೊಡದಿದ್ದಾಗ ಕೊಡಿಸಿದವರೂ ಅವರೇ. ಒಂದು ಸಂಜೆ ಬಂದು ಕಾಫಿ ಕುಡಿದು, "ಮೇಷ್ಟ್ರೇ, ಹಾಲಿನ ಗೋಡೆ ಬೋಳಾಗಿ ಕಾಣ್ತಿದೆ. ದೊಡ್ಡದಾಗಿ ಏನಾದ್ರೂ ಬರ್ಕೊಡಿ. ನೀವೇ ಬರೆದಿದ್ದಾಗಬೇಕು, ಏನ್ ಬೇಕಾದ್ರೂ ಬರೀರಿ," ಅಂದರು.

ಏನು ಬೇಕಾದರೂ ಬರೆಯಿರಿ ಎಂದು ನನ್ನ ಗಂಡನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಆ ರಾತ್ರಿ ಊಟ ಮಾಡುವಾಗ ಅವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಅವರು ಆರಿಸಿಕೊಂಡದ್ದು ಕೆಂಪು ಮತ್ತು ಹಳದಿ. ಪಕ್ಕದ ಮನೆಯ ನಾಗಮಣಿ ಕಾಂಪೌಂಡಿನಾಚೆಯಿಂದ ಇಣುಕಿ, "ಅರಿಶಿನ ಕುಂಕುಮ ಇದ್ದ ಹಾಗಿದೆ ಕಣ್ರೀ, ಲಕ್ಷಣವಾಗಿದೆ," ಅಂದರು. ಅವರ ಮಗ, ಹಳೇ ಬಸ್ಸಿನ ಥರ ಇದೆ ಅಂದ. ನಾನು ಮಾತ್ರ ನೇರವಾಗಿ ಕೇಳಿದೆ, "ಜನ ಬಾವುಟ ಅಂತಾರೆ ಕಣ್ರೀ. ಬೇರೆ ಬಣ್ಣ ಇರಲಿಲ್ವಾ ನಿಮಗೆ?"

"ಪಾಪ, ಈ ಎರಡು ಬಣ್ಣಕ್ಕೆ ಈ ಊರಲ್ಲಿ ಒಂದು ದಿನವೂ ರಜೆ ಇಲ್ಲ," ಅಂದರು. "ಹೊಸಲಿಗೆ ಅವೇ, ಹಣೆಗೆ ಅವೇ, ಕಂಬಕ್ಕೂ ಅವೇ. ನಾನು ಒಂದು ಗೋಡೆ ಮೇಲೆ ರಜೆ ಕೊಡ್ತೀನಿ. ಬಾವುಟದಲ್ಲಿ ಹಳದಿ ಮೇಲಿರುತ್ತೆ. ನಾನು ಕೆಂಪನ್ನ ಮೇಲಿಡ್ತೀನಿ, ಆಗ ಅದು ಬಾವುಟ ಅಲ್ಲ ಅಂತ ಯಾರಿಗಾದ್ರೂ ಗೊತ್ತಾಗುತ್ತೆ."

ಯಾರಿಗಾದರೂ ಗೊತ್ತಾಗುತ್ತದಂತೆ! ನನ್ನ ಗಂಡ ಬುದ್ಧಿವಂತರು, ಆದರೆ ಅವರ ಬುದ್ಧಿ ಕ್ಯಾನ್ವಾಸಿನ ಅಂಚಿನವರೆಗೆ ಮಾತ್ರ ಓಡುತ್ತಿತ್ತು.

ತಿಂಗಳುಗಟ್ಟಲೆ ಬರೆದರು. ಎರಡು ಬಣ್ಣ ಬಳಿಯುವುದಕ್ಕೆ ತಿಂಗಳುಗಳು ಯಾಕೆ ಬೇಕು ಅಂತ ನೀವು ಕೇಳಬಹುದು, ನಾನೂ ಕೇಳಿದೆ. ಅವರ ತಲೆನೋವೆಲ್ಲ ಎರಡು ಬಣ್ಣ ಕೂಡುವ ಗೆರೆಯದು. ಸ್ಕೂಲಿನಿಂದ ಬಂದವರೇ ಗೆರೆಯನ್ನು ಸ್ವಲ್ಪ ಮೇಲೆ ತರುವರು, ಮರುದಿನ ಸ್ವಲ್ಪ ಕೆಳಗೆ ಇಳಿಸುವರು. ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, "ಎರಡೂ ಸಮ ಇವೆಯಾ?" ಎಂದು ಕೇಳುವರು. "ಹಳದಿ ಜಾಸ್ತಿ" ಅನ್ನುತ್ತಿದ್ದೆ. ಮತ್ತೆ ಇಳಿಸುವರು. "ಇನ್ನೂ ಹಳದಿನೇ ಜಾಸ್ತಿ." ಒಲೆಯ ಮೇಲೆ ಸಾರು ಉಕ್ಕುತ್ತಿರುವಾಗಲೂ ಹೀಗೆ ನಿಲ್ಲಿಸಿದ್ದಾರೆ, ನಾನು ಬೈದಿದ್ದೇನೆ. ಒಂದು ಭಾನುವಾರ ಬೆಳಿಗ್ಗೆ ನೋಡಿದೆ. ಕೆಂಪು, ಹಳದಿ ಎರಡೂ ಅಷ್ಟಷ್ಟೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ಸಮ," ಅಂದೆ.

ಅವರು ಸ್ಕೇಲು ಹಿಡಿದು ಅಳೆದು ತೋರಿಸಿದರು. ಹಳದಿ ಕೆಂಪಿಗಿಂತ ಎರಡು ಬೆರಳು ಕಡಿಮೆ ಇತ್ತು. "ಹಳದಿ ಹರಡಿಕೊಳ್ಳುವ ಬಣ್ಣ, ಕೆಂಪು ತನ್ನಷ್ಟಕ್ಕೆ ತಾನು ಕೂತಿರುವ ಬಣ್ಣ. ಅಳತೆಗೆ ಸಮ ಇಟ್ಟರೆ ಕಣ್ಣಿಗೆ ಸಮ ಕಾಣಲ್ಲ. ಕಣ್ಣಿಗೆ ಸಮ ಮಾಡಬೇಕು ಅಂದ್ರೆ ಅಳತೆಯಲ್ಲಿ ಒಬ್ಬರಿಗೆ ಸ್ವಲ್ಪ ಹೆಚ್ಚು ಕೊಡಬೇಕು," ಅಂದರು. ಆಮೇಲೆ ಕೈಗಳೆರಡನ್ನೂ ಒಂದರ ಮೇಲೊಂದು ಹಿಡಿದು ತೋರಿಸಿದರು. "ಕೆಂಪು ಭಾರ. ಕೆಳಗಿಟ್ಟರೆ ಮಲಗಿಬಿಡುತ್ತೆ. ಹಳದಿ ಹಗುರ, ಮೇಲಿಟ್ಟರೆ ಹಾರಿಹೋಗುತ್ತೆ. ಆಗ ಒಬ್ಬರ ಹಂಗು ಒಬ್ಬರಿಗಿಲ್ಲ. ಕೆಂಪು ಮೇಲಿದ್ದರೆ ಅದು ಇಳೀಬೇಕು ಅನ್ನುತ್ತೆ, ಹಳದಿ ಏಳಬೇಕು ಅನ್ನುತ್ತೆ. ಗೆರೆಯ ಹತ್ತಿರ ಇಬ್ಬರೂ ತಡೆದು ನಿಲ್ಲುತ್ತಾರೆ. ನೋಡು, ನಿಂತಿದ್ದಾರೆ."

ನಾನು ನೋಡಿದೆ. ಸತ್ಯವಾಗಿ ಹೇಳುತ್ತೇನೆ, ನಿಂತಿದ್ದರು. ಆ ಕೆಂಪು ಬೀಳುತ್ತಿರಲಿಲ್ಲ, ಹಳದಿ ಅದನ್ನು ಹೊತ್ತುಕೊಂಡು ದಣಿದೂ ಇರಲಿಲ್ಲ. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಆಮೇಲೆ ಯಾವತ್ತೂ ನೋಡಲಿಲ್ಲ.

ಹಿಂಬದಿಯ ಮರದ ಪಟ್ಟಿಯ ಮೇಲೆ, ಕೆಂಪು ಇರುವ ಕಡೆ, ಇದ್ದಲಿನಲ್ಲಿ "ಮೇಲೆ" ಎಂದು ದಪ್ಪಗೆ ಬರೆದು ಬಾಣದ ಗುರುತು ಹಾಕಿದರು. ಸಂಘದವರು ಗಾಡಿ ತಂದು ಚಿತ್ರ ಒಯ್ದರು.

ನವೆಂಬರ್ ಒಂದನೆಯ ತಾರೀಖು ಹಾಲಿನ ಉದ್ಘಾಟನೆ. ನಾವಿಬ್ಬರೂ ಮುಂದಿನ ಸಾಲಿನಲ್ಲಿ ಕೂತಿದ್ದೆವು. ನಾನು ಹೊಸ ಸೀರೆ ಉಟ್ಟಿದ್ದೆ. ಪರದೆ ಎಳೆದರು. ಹಳದಿ ಮೇಲಿತ್ತು, ಕೆಂಪು ಕೆಳಗಿತ್ತು. ಒಂದು ಗಳಿಗೆ ನನಗೆ ಏನಾಗಿದೆ ಅಂತಲೇ ಹೊಳೆಯಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕಕ್ಕೆ ತಿರುಗಿದೆ. ನನ್ನ ಗಂಡನ ಕೈ ಮೊಣಕಾಲ ಮೇಲೆ ಹಾಗೇ ಇತ್ತು.

ಪುಟ್ಟಣ್ಣ ಮೈಕು ಹಿಡಿದು, "ಮನೆಮಾತು ಉರ್ದು ಆದರೂ, ಧರ್ಮ ಬೇರೆಯಾದರೂ, ನಮ್ಮ ದಸ್ತಗೀರ್ ಸಾಹೇಬರು ಕನ್ನಡ ತಾಯಿಯ ಬಾವುಟವನ್ನೇ ಬರೆದುಕೊಟ್ಟಿದ್ದಾರೆ," ಅಂದರು. ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು, ಸುಗಂಧರಾಜದ ಹಾರ ಹಾಕಿದರು, ಹಣ್ಣಿನ ತಟ್ಟೆ ಕೈಗಿಟ್ಟರು. ಮಾತಾಡಿ ಅಂದರು.

ತಟ್ಟೆಯನ್ನು ಎಲ್ಲಿಡುವುದು ತಿಳಿಯದೆ, ಅದನ್ನು ಹಿಡಿದುಕೊಂಡೇ ನನ್ನ ಗಂಡ ಮೈಕಿನ ಮುಂದೆ ನಿಂತರು. "ಕ್ಷಮಿಸಬೇಕು. ಇದರಲ್ಲಿ ಬಾವುಟ ಇಲ್ಲ. ಎರಡೇ ಬಣ್ಣ ಇರೋದು," ಅಂದರು.

"ಆ ಎರಡೇ ಬಣ್ಣ ಸಾಕು ನಮ್ಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಮುಂದೆ ಅವರು ಏನು ಹೇಳಿದರೋ ಯಾರಿಗೂ ಕೇಳಲಿಲ್ಲ.

ಮರುದಿನ ಪುಟ್ಟಣ್ಣನವರ ಮನೆಗೆ ಇಬ್ಬರೂ ಹೋದೆವು. ಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿದ್ದೀರಿ ಎಂದು ನನ್ನ ಗಂಡ ನಿಧಾನವಾಗಿ ಹೇಳಿದರು. ಪುಟ್ಟಣ್ಣ ನಕ್ಕರು, ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು.

"ನಂಗೊತ್ತು ಮೇಷ್ಟ್ರೇ. ಹಿಂದುಗಡೆ ಬಾಣದ ಗುರುತು ತಪ್ಪಾಗಿ ಹಾಕ್ಬಿಟ್ಟಿದ್ರಿ. ಗಡಿಬಿಡೀಲಿ ಯಾರ್ಗಾದ್ರೂ ಆಗುತ್ತೆ. ನಾನೇ ನೋಡಿ ಸರಿಯಾಗಿ ಹಾಕಿಸ್ದೆ. ಯಾರ್ಗೂ ಹೇಳಿಲ್ಲ, ಹೇಳೋದೂ ಇಲ್ಲ."

ತನ್ನಿಂದ ನಮಗೆ ದೊಡ್ಡ ಉಪಕಾರವಾಗಿದೆ ಎಂದು ಆ ಮನುಷ್ಯ ನಿಜವಾಗಿ ನಂಬಿದ್ದರು. ನನ್ನ ಗಂಡ ಮೊದಲಿನಿಂದ ಎಲ್ಲವನ್ನೂ ವಿವರಿಸಿದರು. ಭಾರ, ಹಗುರ, ಗೆರೆ, ಎರಡು ಬೆರಳು. ಪುಟ್ಟಣ್ಣ ತಾಳ್ಮೆಯಿಂದ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಸಪ್ಪಗಾಯಿತು.

"ನೀವು ಹೇಳೋದು ಇರಬೋದು. ಆದ್ರೆ ಈಗ ಅಷ್ಟು ಜನ ನೋಡಿದ್ದಾರೆ. ತಿರುಗ್ಸಿದ್ರೆ ಬಾವುಟ ತಲೆಕೆಳಗು ಮಾಡಿದ್ರು ಅಂತಾರೆ. ಅದೂ ನೀವು..."

ಅಷ್ಟಕ್ಕೇ ನಿಲ್ಲಿಸಿದರು. ಒಳಗೆ ತಿರುಗಿ ಕಾಫಿ ತರಲು ಹೇಳಿದರು. ಅದೂ ನೀವು. ಆ ಎರಡು ಪದ ಇವತ್ತಿಗೂ ನನ್ನ ಕಿವಿಯಲ್ಲಿವೆ. ನಾಗಮಣಿಯ ಗಂಡ ಬರೆದಿದ್ದರೆ ತಿರುಗಿಸಬಹುದಿತ್ತೇನೋ! ಹಳದಿಯ ಮೇಲಿಟ್ಟ ಹಸಿರು, ಕಪ್ಪಿನ ಮೇಲಿಟ್ಟ ಹಸಿರು ಎರಡೂ ಒಂದೇ ಕಾಗದ ಅನ್ನುವುದು ನಮ್ಮ ಮನೆಯ ನೆಲದ ಮೇಲೆ ಮಾತ್ರ ನಿಜ. ನಾನು ಕಾಫಿ ಮುಟ್ಟಲಿಲ್ಲ, ನನ್ನ ಗಂಡ ಮರ್ಯಾದೆಗೆ ಕುಡಿದರು.

ಮರುವರ್ಷ ಊರಿನಲ್ಲೆಲ್ಲ ಕನ್ನಡದ ಚಳವಳಿ ಎದ್ದಿತು. ಚಳವಳಿಯ ಮೇಲೆ ನನಗೇನೂ ಸಿಟ್ಟಿಲ್ಲ. ಮಕ್ಕಳು ಕನ್ನಡ ಕಲಿಯಲಿ ಅಂದರೆ ನಾನು ಬೇಡ ಅನ್ನುವವಳೇ? ನನ್ನ ಸಿಟ್ಟೆಲ್ಲ ನಮ್ಮ ಹಾಲಿನ ಮೇಲೆ. ಹುಡುಗರು ಅಲ್ಲಿ ಸೇರತೊಡಗಿದರು, ಚಿತ್ರಕ್ಕೆ ದಿನಾ ಹೂವಿನ ಹಾರ ಬೀಳತೊಡಗಿತು, ಊದುಬತ್ತಿ ಹಚ್ಚತೊಡಗಿದರು. ಸಂಘದಲ್ಲಿ ತ್ರಿವಿಕ್ರಮ ಅಂತ ಒಬ್ಬರು ರಿಟೈರಾದ ಓವರ್‌ಸಿಯರ್ ಇದ್ದಾರೆ, ಬೀದಿಯ ದೀಪದ ಕಂಬಗಳ ನಡುವಿನ ದೂರವನ್ನೂ ಅಳೆಯುವ ಮನುಷ್ಯ. ಅವರು ಒಂದು ದಿನ ಏಣಿ ಹಾಕಿಸಿ ಟೇಪು ಹಿಡಿದರು. ಅಷ್ಟು ತಿಂಗಳು ಅಷ್ಟು ಜನರ ಕಣ್ಣಿಗೆ ಗೊತ್ತಾಗದ್ದು ಟೇಪಿಗೆ ಗೊತ್ತಾಯಿತು. ಹಳದಿ ಎರಡು ಬೆರಳು ಕಡಿಮೆ! ಬಾವುಟದಲ್ಲಿ ಹಾಗಿರಬಾರದು. ಬೋರ್ಡು ಬರೆಯುವವನನ್ನು ಕರೆಸಿ, ಅಂಗಡಿಯ ಎನಾಮಲ್ ಪೇಂಟಿನಲ್ಲಿ ಗೆರೆಯನ್ನು ಒಂದು ಬೆರಳು ಕೆಳಗೆ ಇಳಿಸಿದರು.

ನಮಗೆ ತಿಳಿಸಿದ್ದು ಆಮೇಲೆ. ತ್ರಿವಿಕ್ರಮರೇ ಬೀದಿಯಲ್ಲಿ ಸಿಕ್ಕಾಗ, "ಸಣ್ಣ ಅಳತೆ ತಪ್ಪಿತ್ತು, ಸರಿಮಾಡ್ಸಿದೀವಿ. ನೀವೇನೂ ಮನಸ್ಸಿಗೆ ಹಚ್ಕೋಬೇಡಿ," ಅಂದರು.

ನನ್ನ ಗಂಡ ಸೈಕಲ್ಲು ಅಲ್ಲೇ ಬಿಟ್ಟು ಹಾಲಿಗೆ ಹೋದರು. ನಾನು ಹಿಂದೆಯೇ ಓಡಿದೆ. ಹೊಸ ಹಳದಿ ಮಿರಮಿರ ಮಿಂಚುತ್ತಿತ್ತು, ಹಳೆಯ ಹಳದಿಗೂ ಅದಕ್ಕೂ ಹೊಂದಿಕೆಯೇ ಇರಲಿಲ್ಲ. ಹಳದಿ ಉಬ್ಬಿ ಕೂತಿತ್ತು, ಕೆಂಪು ಅದರ ಕೆಳಗೆ ಕುಗ್ಗಿಹೋಗಿತ್ತು. ಅಳತೆಗೆ ಎಲ್ಲ ಸರಿಯಾಗಿತ್ತು. ಅವರು ಕೈಯೆತ್ತಿ ಆ ಗೆರೆಯನ್ನು ಮುಟ್ಟಲು ಹೋದರು, ಒಬ್ಬ ಹುಡುಗ ಬಂದು, "ಸಾರ್, ಚಪ್ಪಲಿ ಬಿಟ್ಟು ಬನ್ನಿ," ಅಂದ.

ಅವರ ಅಣ್ಣ ಜಿಯಾವುಲ್ಲಾ ಯಶವಂತಪುರದಲ್ಲಿ ಮರದ ವ್ಯಾಪಾರಿ. ವಿಷಯ ತಿಳಿದು ಬಂದರು. ನಾವು ಬೈಯುತ್ತಾರೆ ಅಂದುಕೊಂಡಿದ್ದರೆ, ತಮ್ಮನ ಬೆನ್ನು ತಟ್ಟಿದರು. "ಒಳ್ಳೇ ಕೆಲಸ ಮಾಡಿದ್ದೀಯ. ನಿನ್ನ ಹೆಸರು ಆ ಗೋಡೆ ಮೇಲೆ ಇರೋವರೆಗೆ ನಮ್ಮ ಅಂಗಡಿಗೆ ಯಾರೂ ಕಲ್ಲು ಹೊಡೆಯಲ್ಲ. ಮೇಲೋ ಕೆಳಗೋ, ಬಾಯಿ ಮುಚ್ಚಿಕೊಂಡು ಇದ್ದುಬಿಡು," ಅಂದರು. ನಾನು ಒಳಗಿನಿಂದಲೇ, "ಭಾಯಿಜಾನ್, ನಿಮ್ಮ ಅಂಗಡಿ ಕಾಯೋದಕ್ಕೆ ಒಂದು ನಾಯಿ ಸಾಕಿ, ಇವರ ಚಿತ್ರ ಯಾಕೆ?" ಅಂದೆ. ಅವರು ಊಟ ಮಾಡದೆ ಎದ್ದುಹೋದರು.

ಆಮೇಲೆ ನನ್ನ ಗಂಡ ಬಣ್ಣ ಮುಟ್ಟಲಿಲ್ಲ. ಗಾಳಿಪಟದ ಕಾಗದಗಳನ್ನೆಲ್ಲ ಸ್ಕೂಲಿನ ಹುಡುಗಿಯರಿಗೆ ಹಂಚಿಬಿಟ್ಟರು. ನಾನು ಅತ್ತುಕೊಂಡು ಜಗಳ ಆಡಿದೆ, ಆ ಹಿತ್ತಾಳೆ ತಗಡನ್ನಾದರೂ ಕಿತ್ತು ಬರುತ್ತೇನೆ ಅಂದೆ. ಅವರು ಬಿಡಲಿಲ್ಲ.

"ಕಾಯೋಣ," ಅಂದರು. "ಚಿತ್ರ ಅಂದಮೇಲೆ ಯಾರಾದರೂ ಒಬ್ಬರು ನೋಡುತ್ತಾರೆ ಫರೀದಾ. ಇದು ಯಾಕೋ ಸರಿಯಿಲ್ಲ ಅಂತ ಅವರ ಕಣ್ಣಿಗೆ ಅನ್ನಿಸುತ್ತೆ. ಬಂದು ಕೇಳುತ್ತಾರೆ, ಮೇಷ್ಟ್ರೇ, ಇದರಲ್ಲಿ ಯಾವುದು ಮೇಲೆ ಅಂತ. ಒಬ್ಬರು ಕೇಳಿದರೆ ಸಾಕು. ಆವತ್ತು ಹೇಳುತ್ತೇನೆ. ಗೆರೆಯನ್ನೂ ನಾನೇ ಸರಿಮಾಡುತ್ತೇನೆ."

ಆ ನಂಬಿಕೆಯಲ್ಲಿ ಅವರು ಬದುಕಿದರು. ಹಾಲಿನಲ್ಲಿ ಮದುವೆ ಮಾತುಕತೆಗೆ, ಹೊಲಿಗೆ ಕ್ಲಾಸಿಗೆ, ಚುನಾವಣೆಗೆ ಎಷ್ಟೋ ಜನ ಬಂದರು. ದೂರದಿಂದ ಬಂದ ಯಾರಾದರೂ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತರು ಅಂತ ತಿಳಿದರೆ ಇವರು ಏನಾದರೂ ನೆಪ ಮಾಡಿಕೊಂಡು ಹಾಲಿನ ಕಡೆ ಹೋಗುವರು. ಬಂದವರು ಕೈ ಮುಗಿದು ಹೋಗುತ್ತಿದ್ದರು, ಯಾರೂ ಕೇಳಲಿಲ್ಲ.

ಎಂಬತ್ತೈದರ ಅಕ್ಟೋಬರಿನಲ್ಲಿ, ರಾಜ್ಯೋತ್ಸವಕ್ಕೆ ಮುಂಚೆ, ಹಾಲಿನ ಗೋಡೆಗಳಿಗೆ ಸುಣ್ಣ ಹೊಡೆಸಿದರು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಮಾಂಸ, ಈರುಳ್ಳಿ ತೆಗೆದುಕೊಂಡು ಆ ದಾರಿಯಲ್ಲಿ ಬರುತ್ತಿದ್ದೆವು. ಹಾಲಿನ ಕುರ್ಚಿ, ಬೆಂಚು, ಫೋಟೋಗಳನ್ನೆಲ್ಲ ಅಂಗಳಕ್ಕೆ ತಂದು ಇಟ್ಟಿದ್ದರು. ನಮ್ಮ ಚಿತ್ರವನ್ನು ಕಾಂಪೌಂಡು ಗೋಡೆಗೆ ಒರಗಿಸಿದ್ದರು.

ಕೆಂಪು ಮೇಲಿತ್ತು.

ನನ್ನ ಗಂಡ ಗೇಟಿನಲ್ಲೇ ನಿಂತುಬಿಟ್ಟರು. ಬೆಳಗಿನ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಿತ್ತು. ಎನಾಮಲ್ಲಿನ ಪಟ್ಟಿ ಹಾಳುಗೆಡವಿದ್ದರೂ, ನಾಲ್ಕು ವರ್ಷದ ಊದುಬತ್ತಿಯ ಹೊಗೆ ಹಿಡಿದಿದ್ದರೂ, ಕೆಂಪು ಇಳಿಯಲು ನೋಡುತ್ತಿತ್ತು, ಹಳದಿ ತಡೆಯುತ್ತಿತ್ತು. ಅವರಿಗೆ ಅದು ಕಾಣಿಸಿತು, ನನಗೂ ಕಾಣಿಸಿತು. ಆದರೆ ಅಂಗಳದಲ್ಲಿ ಗಲಾಟೆ ನಡೆಯುತ್ತಿತ್ತು. ಸುಣ್ಣ ಹೊಡೆಯಲು ಅಮೃತಹಳ್ಳಿಯಿಂದ ಬಂದಿದ್ದ ಕದಿರಪ್ಪ ಎಂಬ ಮುದುಕನ ಕೊರಳಪಟ್ಟಿಯನ್ನು ಸಂಘದ ಒಬ್ಬ ಯುವಕ ಹಿಡಿದುಕೊಂಡಿದ್ದ. ಸುತ್ತ ಏಳೆಂಟು ಜನ ಸೇರಿದ್ದರು.

"ಬಾವುಟ ತಲೆಕೆಳಗಿಡ್ತೀಯೇನೋ? ಯಾರ್ ಹೇಳ್ಕೊಟ್ರು ನಿಂಗೆ?"

"ಯಾರೂ ಏಳ್ಕೊಟ್ಟಿಲ್ಲ ಸಾಮಿ," ಅಂದ ಕದಿರಪ್ಪ. "ಇಂದ್ಗಡೆ ಮೇಲೆ ಅಂತ ಬರ್ದೈತೆ, ಬಾಣಾನೂ ಆಕವ್ರೆ. ಅದ್ ನೋಡ್ಕಂಡು ಇಂಗೆ ಇಟ್ಟೆ. ನಂಗೆ ಓದಕ್ ಬರ್ತದೆ."

ಪುಟ್ಟಣ್ಣ ಒಳಗಿನಿಂದ ಓಡಿಬಂದರು. ನಮ್ಮನ್ನು ನೋಡಿ ಅವರ ಮುಖ ಕಪ್ಪಿಟ್ಟಿತು. ಆ ಯುವಕ ಇನ್ನೊಂದು ಕೈಯಿಂದ ಚಿತ್ರವನ್ನು ಮುಂದಕ್ಕೆ ವಾಲಿಸಿ ಹಿಂಬದಿ ನೋಡಿದ. ಇದ್ದಲಿನ ಅಕ್ಷರ ಸ್ವಲ್ಪ ಮಾಸಿತ್ತು, ಓದಲು ತೊಂದರೆಯಿರಲಿಲ್ಲ. ಅವನು ನನ್ನ ಗಂಡನ ಕಡೆ ತಿರುಗಿದ.

"ಬರೆದೋರು ನೀವೇ ಅಲ್ವಾ ಸಾರ್. ನೀವೇ ಹೇಳ್ಬಿಡಿ. ಇದ್ರಲ್ಲಿ ಯಾವುದು ಮೇಲೆ?"

ಯಾವುದು ಮೇಲೆ! ನಾಲ್ಕು ವರ್ಷ ಕಾದ ಮಾತು, ಅದೇ ಮಾತು, ಕೊನೆಗೆ ಅವನ ಬಾಯಿಂದ ಬಂತು. ಅವನ ಒಂದು ಕೈ ಇನ್ನೂ ಮುದುಕನ ಕೊರಳಪಟ್ಟಿಯ ಮೇಲಿತ್ತು. ನನ್ನ ಗಂಡ ಚಿತ್ರ ನೋಡಿದರು, ಕದಿರಪ್ಪನನ್ನು ನೋಡಿದರು. ಬಾಯಿ ತೆರೆದರು. ಹೇಳುತ್ತಾರೆ ಅಂತ ನನಗೆ ಖಾತ್ರಿಯಾಗಿತ್ತು, ಇವತ್ತಿಗೂ ಖಾತ್ರಿಯಿದೆ. ಅವರು ಏನನ್ನು ಹೇಳಬೇಕಾದರೂ ಮೊದಲು ಉಗುಳು ನುಂಗುವವರು. ನನಗೆ ಅಷ್ಟು ಹೊತ್ತು ತಡೆಯಲಾಗಲಿಲ್ಲ.

"ಕೆಂಪು ಮೇಲೆ," ಅಂದೆ. "ಅಷ್ಟು ದಪ್ಪಗೆ ಕನ್ನಡದಲ್ಲಿ ಬರೆದಿದೆಯಲ್ಲ. ಆ ತಾತನಿಗೆ ಓದಕ್ಕೆ ಬರುತ್ತೆ, ನಿಮಗೆ ಬರಲ್ವಾ?"

ಯುವಕ ಕದಿರಪ್ಪನನ್ನು ಬಿಟ್ಟ. ನನ್ನ ಕಡೆ ಎರಡು ಹೆಜ್ಜೆ ಬಂದ.

"ಏನಂದೆ? ಕನ್ನಡದ ಬಾವುಟ ತಲೆಕೆಳಗಿರ್ಬೇಕಾ? ಯಾವ ಊರಿಂದ ಬಂದೋಳು ನೀನು?"

ರಾಜಾನುಕುಂಟೆ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ನಮ್ಮಿಬ್ಬರ ನಡುವೆ ಬಂದು ನಿಂತಿದ್ದರು. ಅವರ ಬೆನ್ನು ನನ್ನ ಮುಖಕ್ಕೆ ತಾಗುವಷ್ಟು ಹತ್ತಿರದಲ್ಲಿತ್ತು.

"ಹಳದಿ," ಅಂದರು. "ಹಳದಿ ಮೇಲೆ. ಅವಳಿಗೆ ಗೊತ್ತಿಲ್ಲ."

"ಮತ್ತೆ ಇಲ್ಲಿ ಬರ್ದಿರೋದು?"

"ನಾನೇ ತಪ್ಪಾಗಿ ಬರೆದಿದ್ದೆ."

"ನಾನು ಆಗ್ಲೇ ಹೇಳಿರ್ಲಿಲ್ವಾ," ಎಂದು ಪುಟ್ಟಣ್ಣ ಉಸಿರು ಬಿಟ್ಟರು. ಜೇಬಿನಿಂದ ಪೆನ್ಸಿಲು ತೆಗೆದು ಕೊಟ್ಟರು. "ಈಗ್ಲೇ ತಿದ್ಬಿಡಿ ಮೇಷ್ಟ್ರೇ, ಮುಂದೆ ಯಾರ್ಗೂ ತೊಂದ್ರೆ ಬೇಡ."

ಅವರು ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತರು. ಇದ್ದಲಿನ ಬಾಣವನ್ನು ಬೆರಳಿಂದ ತಿಕ್ಕಿ ಅಳಿಸಿದರು. "ಮೇಲೆ" ಎಂಬುದರ ಮೇಲೆ ಗೀಟು ಎಳೆದರು. ಹಳದಿ ಇರುವ ಕಡೆಯ ಪಟ್ಟಿಗೆ ಬಂದು ಹೊಸದಾಗಿ "ಮೇಲೆ" ಎಂದು ಬರೆದು ಬಾಣ ಹಾಕಿದರು. ಅಕ್ಷರ ಮೊದಲಿಗಿಂತ ಚೆನ್ನಾಗಿ ಬಂದಿತ್ತು, ನನಗೆ ಉರಿದದ್ದು ಅದಕ್ಕೇ. ಆಮೇಲೆ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಅವರೇ ತಿರುಗಿಸಿ ಇಟ್ಟರು.

"ಈಗ ಸರಿಹೋಯ್ತು ನೋಡಿ," ಅಂದರು ಪುಟ್ಟಣ್ಣ.

ಕದಿರಪ್ಪ ಕೊರಳಪಟ್ಟಿ ಸರಿಮಾಡಿಕೊಂಡು ನನ್ನ ಗಂಡನಿಗೆ ಕೈ ಮುಗಿದ. "ತೆಪ್ಪಾಯ್ತು ಸಾಮಿ. ಬರ್ದಿದ್ನ ಓದ್ಬುಟ್ಟೆ."

"ಇನ್ಮುಂದೆ ನೋಡ್ಕೊಂಡು ಇಡಪ್ಪ," ಅಂದರು ನನ್ನ ಗಂಡ. ಅವರ ಸುತ್ತ ಇನ್ನೂ ಜನ ನಿಂತಿದ್ದರು.

ಮಾಂಸದ ಚೀಲ ಹಿಡಿದು ನಾನು ಮುಂದೆ ಮುಂದೆ ನಡೆದೆ. ಬೈಯೋಣವೆಂದರೆ ನನಗೆ ಅಡ್ಡ ನಿಂತ ಬೆನ್ನು ಕಣ್ಣ ಮುಂದಿತ್ತು, ಅಳೋಣವೆಂದರೆ ಬೀದಿಯಲ್ಲಿದ್ದೆ. ಮನೆಗೆ ಬಂದು ಅವರು ಬಚ್ಚಲಿಗೆ ಹೋಗಿ ಬೆರಳಿನ ಇದ್ದಲನ್ನು ಸೋಪು ಹಾಕಿ ತೊಳೆದರು. ಬಹಳ ಹೊತ್ತು ತೊಳೆದರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ, ಹಿಂದೆ ನನ್ನನ್ನು ನಿಲ್ಲಿಸುತ್ತಿದ್ದ ಜಾಗದಲ್ಲೇ, ಬಂದು ನಿಂತರು.

"ಕೊನೆಗೂ ಒಬ್ಬ ಕೇಳಿದ, ಅಲ್ವಾ ಫರೀದಾ?" ಅಂದರು.

ನಾನು ಈರುಳ್ಳಿ ಹೆಚ್ಚುತ್ತಲೇ ಇದ್ದೆ.